ರಿಮೋಟ್ ಡೆಸ್ಕ್‌ಟಾಪಿನಲ್ಲಿ ವಿಡಿಯೊ ತಡವರಿಸುತ್ತಿದೆಯೇ? ಹೀಗೆ ಸರಿಮಾಡಿ

ಪುಣೆಯ ವಾಕಡ್, ಹಿಂಜವಡಿ ಕಡೆ ಮನೆಯಿಂದಲೇ ಆಫೀಸ್ ಕೆಲಸ ಮಾಡುವ ನಮ್ಮವರು ಬಹಳ ಜನ ಇದ್ದಾರೆ. ರಿಮೋಟ್ ಡೆಸ್ಕ್‌ಟಾಪಿನಲ್ಲಿ (ಆಫೀಸಿನ ಕಂಪ್ಯೂಟರನ್ನು ಮನೆಯಿಂದಲೇ ತೆರೆದು ಬಳಸುವ ವ್ಯವಸ್ಥೆ) ಟ್ರೇನಿಂಗ್ ವಿಡಿಯೊ ಹಾಕಿದರೆ ಮಾತು ಒಂದು ಕಡೆ, ತುಟಿ ಇನ್ನೊಂದು ಕಡೆ. ಆಗ ಸುಮ್ನೆ ದೊಡ್ಡ ಇಂಟರ್‌ನೆಟ್ ಪ್ಲಾನ್ ಹಾಕಿಸಿಕೊಳ್ಳುವವರೇ ಜಾಸ್ತಿ. ದಯವಿಟ್ಟು ಬೇಡ. ಆ ವಿಡಿಯೊ ಓಡುವುದು ದೂರದ ಸರ್ವರಿನಲ್ಲಿ. ಅಲ್ಲಿ ಮೂಡಿದ ಪರದೆಯ ಚಿತ್ರವನ್ನು ಸರ್ವರ್ ಮತ್ತೆ ಕುಗ್ಗಿಸಿ ನಿಮಗೆ ಕಳಿಸುತ್ತದೆ. ದಾರಿಯಲ್ಲಿ ಪ್ಯಾಕೆಟ್ (ಡೇಟಾದ ಸಣ್ಣ ತುಂಡು) ಕಳೆದುಹೋದರೆ ಪ್ಲಾನ್ ಎಷ್ಟು ದೊಡ್ಡದಿದ್ದರೂ ಚಿತ್ರ ನಿಲ್ಲುತ್ತದೆ.

ಮೊದಲು ರೂಟರಿನಿಂದ ಲ್ಯಾಪ್‌ಟಾಪಿಗೆ ಕೇಬಲ್ ಎಳೆಯಿರಿ. ಆಗದಿದ್ದರೆ 5 ಗಿಗಾಹರ್ಟ್ಸ್ ವೈಫೈ. ಅಪಾರ್ಟ್‌ಮೆಂಟಿನಲ್ಲಿ 2.4 ಗಿಗಾಹರ್ಟ್ಸಿನಲ್ಲಿ ಅಕ್ಕಪಕ್ಕದವರೆಲ್ಲ ತುಂಬಿರುತ್ತಾರೆ. ಅಗ್ಗದ ವೈಫೈ ಎಕ್ಸ್‌ಟೆಂಡರ್ ಕೊಳ್ಳಲೇಬೇಡಿ, ಅದು ತಡವನ್ನು ಇನ್ನೂ ಹೆಚ್ಚಿಸುತ್ತದೆ.

ಎರಡನೆಯದು ಯುಡಿಪಿ. ಟಿಸಿಪಿಯಂತೆ ಇದೂ ನೆಟ್‌ವರ್ಕಿನಲ್ಲಿ ಡೇಟಾ ಸಾಗಿಸುವ ಒಂದು ವಿಧಾನ. ಜನ ಎಡವುವುದು ಇಲ್ಲೇ. ಟಿಸಿಪಿಯಲ್ಲಿ ಒಂದು ಪ್ಯಾಕೆಟ್ ಕಳೆದರೆ ಅದು ಮತ್ತೆ ಬರುವವರೆಗೆ ಅದರ ಹಿಂದೆ ಬರುವುದೆಲ್ಲ ಕಾಯಬೇಕು. ಇಂಥ ಕಡೆ ಹಾಗೆ ಕಾಯಿಸದ ಯುಡಿಪಿ ಎಷ್ಟೋ ವಾಸಿ. ವಿಂಡೋಸ್ ರಿಮೋಟ್ ಡೆಸ್ಕ್‌ಟಾಪ್ ಕನೆಕ್ಷನ್ನಿನಲ್ಲಿ ಪೂರ್ತಿ ಪರದೆ ಮಾಡಿ, ಮೇಲಿನ ಪಟ್ಟಿಯಲ್ಲಿ ಮೊಬೈಲ್ ಸಿಗ್ನಲ್ಲಿನಂತೆ ಕಾಣುವ ಕಡ್ಡಿಗಳನ್ನು ಒತ್ತಿ. ಸಂಪರ್ಕ ಹೇಗಿದೆ, ಯುಡಿಪಿ ಚಾಲೂ ಇದೆಯೇ ಎಂದು ಅಲ್ಲೇ ಬರುತ್ತದೆ. ಯುಡಿಪಿ ಎಂಬ ಹೆಸರೇ ಕಾಣದಿದ್ದರೆ ಮೂರು ಕಡೆ ನೋಡಿ: 3389ನೇ ಯುಡಿಪಿ ಪೋರ್ಟ್ (ಡೇಟಾ ಹೋಗಿಬರುವ ಬಾಗಿಲು) ಮುಚ್ಚಿರಬಹುದು, ಗೇಟ್‌ವೇ (ಆಫೀಸ್ ನೆಟ್‌ವರ್ಕಿನ ಹೆಬ್ಬಾಗಿಲಿನಂಥ ಸರ್ವರ್) ಮೂಲಕ ಹೋಗುತ್ತಿದ್ದರೆ 3391. ಇಲ್ಲವೇ ವಿಪಿಎನ್ (ಆಫೀಸ್ ನೆಟ್‌ವರ್ಕಿಗೆ ಹೋಗುವ ಸುರಕ್ಷಿತ ಸುರಂಗ) ಎಲ್ಲವನ್ನೂ ಟಿಸಿಪಿಯೊಳಗೆ ತುರುಕುತ್ತಿರಬಹುದು. ಅಥವಾ ಗ್ರೂಪ್ ಪಾಲಿಸಿಯಲ್ಲಿ (ಐಟಿಯವರು ವಿಂಡೋಸಿಗೆ ಹಾಕುವ ನಿಯಮಗಳು) ‘ಟರ್ನ್ ಆಫ್ ಯುಡಿಪಿ ಆನ್ ಕ್ಲೈಂಟ್’ ಆನ್ ಇರಬಹುದು. ಹಿಂದೆ ಯಾವಾಗಲೋ ಪರದೆ ಹೆಪ್ಪುಗಟ್ಟಿದಾಗ ಯಾರೋ ಇದನ್ನು ಹಾಕಿ ಹಾಗೇ ಬಿಟ್ಟಿರುತ್ತಾರೆ.

ನಿಮ್ಮ ಆಫೀಸಿನಲ್ಲಿ ಮೈಕ್ರೋಸಾಫ್ಟಿನ ಕ್ಲೌಡ್ ಸೇವೆಯಾದ ಅಜೂರ್ ವರ್ಚುವಲ್ ಡೆಸ್ಕ್‌ಟಾಪ್ ಇದ್ದರೆ ‘ಮಲ್ಟಿಮೀಡಿಯಾ ರೀಡೈರೆಕ್ಷನ್’ ಸೌಲಭ್ಯವನ್ನು ಐಟಿಯವರಿಗೆ ಕೇಳಿ ಹಾಕಿಸಿಕೊಳ್ಳಿ. ಎಡ್ಜ್ ಅಥವಾ ಕ್ರೋಮ್‌ನಲ್ಲಿ ಅದರ ಎಕ್ಸ್‌ಟೆನ್ಶನ್ ಕೆಲಸ ಮಾಡುವಾಗ ವಿಡಿಯೊ ಬಿಚ್ಚುವ ಭಾರ ನಿಮ್ಮ ಲ್ಯಾಪ್‌ಟಾಪಿಗೇ ಬರುತ್ತದೆ, ಸರ್ವರ್ ಹಗುರಾಗುತ್ತದೆ. ಅಂಥದ್ದೇ ಇನ್ನೊಂದು ಸೇವೆಯಾದ ಸಿಟ್ರಿಕ್ಸ್‌ನಲ್ಲೂ ಇಂಥದ್ದೇ ಸೌಲಭ್ಯವಿದೆ.

ಇದು ಯಾವುದೂ ಕೈಗೆ ಸಿಗದಿದ್ದರೆ ವಿಡಿಯೊ ಗುಣಮಟ್ಟವನ್ನು 480ಪಿಗೆ ಇಳಿಸಿ, ಕಿಟಕಿ ಚಿಕ್ಕದು ಮಾಡಿ.

ರಿಜಿಸ್ಟ್ರಿಯಲ್ಲಿ (ವಿಂಡೋಸಿನ ಒಳ ಸೆಟ್ಟಿಂಗುಗಳ ಪಟ್ಟಿ) ಸೆಕೆಂಡಿಗೆ ಎಷ್ಟು ಚಿತ್ರ ಎಂಬ ಫ್ರೇಮ್ ಮಿತಿಯನ್ನು 30ರಿಂದ 60ಕ್ಕೆ ಏರಿಸುವ ಉಪಾಯ ಹೇಳುವವರು ಸಿಗುತ್ತಾರೆ. ಸಂಪರ್ಕವೇ ಸೋರುತ್ತಿರುವಾಗ ಅದನ್ನು ಮುಟ್ಟಬೇಡಿ, ಭಾರ ಜಾಸ್ತಿಯಾಗುತ್ತದೆ ಅಷ್ಟೇ. ಐಟಿಯವರಿಗೆ ಬರೆಯುವಾಗ ‘ಸ್ಲೋ ಇದೆ’ ಅಂತ ಬರೆದರೆ ಉಪಯೋಗವಿಲ್ಲ. ಸಿಗ್ನಲ್ ಕಡ್ಡಿ ಒತ್ತಿದಾಗ ಕಂಡ ಸಾಲಿನ ಸ್ಕ್ರೀನ್‌ಶಾಟ್, ಕೇಬಲ್ಲೋ ವೈಫೈಯೋ, ವಿಪಿಎನ್ ಇತ್ತೋ ಇಲ್ಲವೋ, ಇಷ್ಟು ಕಳಿಸಿ.