ಹಡಗಿನ ಉಕ್ಕು ಎಷ್ಟು ಹಸಿರು? ಲೆಕ್ಕ ಹಾಕುವುದು ಹೀಗೆ

ಮೊದಲು ಒಂದು ಗೊಂದಲ ಬಗೆಹರಿಸಿಕೊಳ್ಳೋಣ. ಶಿಪ್‌ಯಾರ್ಡ್‌ನಲ್ಲಿ ‘ಲೋ ಕಾರ್ಬನ್ ಸ್ಟೀಲ್’ ಕೇಳಿದರೆ ಮಾಮೂಲಿ ಮೈಲ್ಡ್ ಸ್ಟೀಲ್ ಪ್ಲೇಟ್ ತೋರಿಸುತ್ತಾರೆ, ಯಾಕಂದ್ರೆ ಅದರ ಲೋಹದೊಳಗೇ ಕಾರ್ಬನ್ ಕಡಿಮೆ. ಇಲ್ಲಿ ನಾನು ಹೇಳುತ್ತಿರುವುದು ತಯಾರಾಗುವಾಗ ಕಡಿಮೆ ಇಂಗಾಲ ಉಗುಳಿದ ಉಕ್ಕಿನ ಬಗ್ಗೆ. ಎರಡೂ ಬೇರೆ ಬೇರೆ.

ಮಲ್ಪೆಯ ಉಡುಪಿ ಕೊಚ್ಚಿನ್ ಶಿಪ್‌ಯಾರ್ಡ್‌ಗೆ ನಾರ್ವೆಯಿಂದ 3,800 ಟನ್ ಸಾಮರ್ಥ್ಯದ ಸರಕು ಹಡಗುಗಳ ಆರ್ಡರ್ ಬಂದಿತ್ತು, ನೆನಪಿರಬಹುದು. ಅಷ್ಟು ದೊಡ್ಡ ಹಡಗೊಂದನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಅದಕ್ಕೆ 1,000 ಟನ್ ಉಕ್ಕು ಅಂತ ಹಿಡಿಯೋಣ. ಇದು ಲೆಕ್ಕ ಸುಲಭವಾಗಲಿ ಅಂತ ನಾನಿಟ್ಟ ಅಂಕಿ, ನಿಮ್ಮ ಹಡಗಿನ ನಿಜವಾದ ತೂಕ ಡಿಸೈನ್ ವಿಭಾಗದಲ್ಲಿ ಸಿಗುತ್ತದೆ.

ಹೆಚ್ಚಿನವರು ತಪ್ಪುವುದು ಇಲ್ಲೇ. ಹಡಗಿನಲ್ಲಿ ಉಳಿದ ಉಕ್ಕನ್ನಲ್ಲ, ಯಾರ್ಡಿನ ಗೇಟಿನೊಳಗೆ ಬಂದ ಉಕ್ಕನ್ನು ಎಣಿಸಬೇಕು. ಪ್ಲಾಸ್ಮಾ ಕಟಿಂಗ್ ಮುಗಿದ ಟೇಬಲ್ ನೋಡಿದ್ದೀರಾ? ಬೇಕಾದ ತುಂಡುಗಳನ್ನೆಲ್ಲ ಎತ್ತಿದ ಮೇಲೆ ದೋಸೆಗೆ ತೂತು ಬಿದ್ದ ಹಾಗೆ ಒಂದು ಖಾಲಿ ಚೌಕಟ್ಟು ಉಳಿದಿರುತ್ತದೆ. ಅದನ್ನು ತಯಾರಿಸಲಿಕ್ಕೂ ಕಲ್ಲಿದ್ದಲು ಉರಿದಿದೆ ಅಲ್ವಾ? ಹತ್ತರಲ್ಲೊಂದು ಭಾಗ ಹೀಗೆ ಹೋದರೆ ನೀವು ಕೊಂಡದ್ದು ಸುಮಾರು 1,110 ಟನ್.

ಇನ್ನು ಗುಣಿಸಿ. ಬ್ಲಾಸ್ಟ್ ಫರ್ನೇಸ್ (ಕಲ್ಲಿದ್ದಲು ಬಳಸಿ ಅದಿರಿನಿಂದ ಕಬ್ಬಿಣ ತೆಗೆಯುವ ಕುಲುಮೆ) ದಾರಿಯ ಉಕ್ಕಿಗೆ ವಿಶ್ವ ಸರಾಸರಿ ಟನ್ನಿಗೆ ಸುಮಾರು 2.3 ಟನ್ ಇಂಗಾಲದ ಡೈಆಕ್ಸೈಡ್, ಗುಜರಿ ಕರಗಿಸುವ ವಿದ್ಯುತ್ ಕುಲುಮೆಯದಕ್ಕೆ ಸುಮಾರು 0.7. ಅಂದರೆ ಒಂದು ಕಡೆ 2,550 ಟನ್, ಇನ್ನೊಂದು ಕಡೆ 780. ಆದರೆ ಇವು ಕಚ್ಚಾ ಉಕ್ಕಿನ ಅಂಕಿಗಳು. ಪ್ಲೇಟ್ ಆಗಿ ಉರುಳಿಸುವಾಗ ಇನ್ನಷ್ಟು ಸೇರುತ್ತದೆ. ಹಾಗಾಗಿ ಅಂದಾಜಿಗೆ ಮಾತ್ರ ಇವನ್ನು ಬಳಸಿ, ಕೊನೆಯ ಲೆಕ್ಕಕ್ಕೆ ಉಕ್ಕಿನ ಗಿರಣಿಯಿಂದ ಆ ಪ್ಲೇಟಿನದೇ ಇಪಿಡಿ, ಅಂದರೆ ತಯಾರಿಕೆಯಲ್ಲಿ ಎಷ್ಟು ಇಂಗಾಲ ಹೋಯಿತು ಅಂತ ತಿಳಿಸುವ ಪರಿಸರ ಘೋಷಣೆ ಪತ್ರ, ಕೇಳಿ ಪಡೆಯಿರಿ. ನಮ್ಮ ಸರ್ಕಾರ 2024ರ ಡಿಸೆಂಬರ್‌ನಲ್ಲಿ ಹಸಿರು ಉಕ್ಕಿಗೆ ಸ್ಟಾರ್ ಪದ್ಧತಿ ತಂದಿದೆ. ಟನ್ ಉಕ್ಕಿಗೆ ಇಂಗಾಲ 2.2 ಟನ್‌ಗಿಂತ ಕಡಿಮೆ ಇದ್ದರೆ ಸ್ಟಾರ್ ಶುರು, 1.6ಕ್ಕಿಂತ ಕಡಿಮೆ ಇದ್ದರೆ ಐದು ಸ್ಟಾರ್. ಗಿರಣಿ ಆರಿಸಲು ಇದು ಒಳ್ಳೆಯದು, ಆದರೆ ಸ್ಟಾರ್ ಎಣಿಸಿ ಗುಣಾಕಾರ ಮಾಡಲಾಗುವುದಿಲ್ಲ.

‘ಹೈಡ್ರೋಜನ್ ಉಕ್ಕು’, ಅಂದರೆ ಕಲ್ಲಿದ್ದಲಿನ ಬದಲು ಹೈಡ್ರೋಜನ್ ಬಳಸಿ ಮಾಡಿದ್ದು, ಅಂದಾಕ್ಷಣ ಸೊನ್ನೆ ಬರೆಯಬೇಡಿ. ಟನ್ನಿಗೆ ಸುಮಾರು 3,500 ಯೂನಿಟ್ ಕರೆಂಟ್ ಬೇಕು, ಅದರಲ್ಲಿ ಹೆಚ್ಚಿನದು ನೀರನ್ನು ಒಡೆದು ಹೈಡ್ರೋಜನ್ ಮಾಡಲಿಕ್ಕೇ ಹೋಗುತ್ತದೆ. ಸ್ವೀಡನ್ನಿನಲ್ಲಿ ಜಲವಿದ್ಯುತ್, ಅಣುವಿದ್ಯುತ್ ಜಾಸ್ತಿ, ಅಲ್ಲಿ ಇದು ಸರಿಹೋಗುತ್ತದೆ. ನಮ್ಮ ಗ್ರಿಡ್‌ನಲ್ಲಿ ಒಂದು ಯೂನಿಟ್ ಕರೆಂಟಿಗೆ ಸುಮಾರು 0.7 ಕಿಲೋ ಇಂಗಾಲದ ಡೈಆಕ್ಸೈಡ್ ಹೋಗುತ್ತದೆ. ಗುಣಿಸಿ ನೋಡಿ, ಟನ್ನಿಗೆ 2.45 ಟನ್, ಬ್ಲಾಸ್ಟ್ ಫರ್ನೇಸಿಗಿಂತ ಜಾಸ್ತಿ! ಕರೆಂಟ್ ಎಲ್ಲಿಂದ ಬಂತು ಅಂತ ಕೇಳದೆ ಮುಂದೆ ಹೋಗಬೇಡಿ.

ಆಮೇಲೆ ಕಾಗದ. ಪ್ರತಿ ಪ್ಲೇಟಿನ ಮೇಲೂ ಹೀಟ್ ನಂಬರ್, ಅಂದರೆ ಅದು ಯಾವ ಕರಗಿಸುವಿಕೆಯ ಉಕ್ಕು ಅಂತ ತಿಳಿಸುವ ನಂಬರ್, ಇರುತ್ತದೆ, ಗಿರಣಿ ಕೊಡುವ ಪರೀಕ್ಷಾ ಪತ್ರವಾದ ಮಿಲ್ ಟೆಸ್ಟ್ ಸರ್ಟಿಫಿಕೇಟಿನಲ್ಲೂ ಅದೇ ನಂಬರ್ ಇರಬೇಕು. ಆ ಸರ್ಟಿಫಿಕೇಟಿನ ಗಿರಣಿಯೂ ಇಪಿಡಿಯ ಗಿರಣಿಯೂ ಒಂದೇನಾ ಅಂತ ನೋಡಿ. ಕೆಲವು ಕಡೆ ಕಂಪನಿ ಎಲ್ಲೋ ಮಾಡಿದ ಉಳಿತಾಯವನ್ನು ಒಟ್ಟುಮಾಡಿ ಕೆಲವು ಟನ್ನುಗಳ ಹೆಸರಿಗೆ ಬರೆದುಕೊಡುತ್ತದೆ, ನಿಮ್ಮ ಕೈಗೆ ಬರುವ ಪ್ಲೇಟ್ ಮಾತ್ರ ಹಳೆಯ ಕುಲುಮೆಯದೇ. ಅದನ್ನು ತಗೊಳ್ಳಬಾರದು ಅಂತಲ್ಲ, ಆದರೆ ವರದಿಯಲ್ಲಿ ಪ್ರತ್ಯೇಕ ಸಾಲಿನಲ್ಲಿ ಬರೆಯಿರಿ.

ಹಡಗು ಹಳತಾದ ಮೇಲಿನದಕ್ಕೂ ಲೆಕ್ಕ ಬೇಕು. ಗುಜರಾತಿನ ಅಲಂಗ್‌ನಲ್ಲಿ ಹಡಗು ಒಡೆದಾಗ ಒಳ್ಳೆಯ ಪ್ಲೇಟನ್ನು ಪಟ್ಟಿಗಳಾಗಿ ಕತ್ತರಿಸಿ, ಕರಗಿಸದೇ, ಕಾಯಿಸಿ ಉರುಳಿಸಿ ಕಂಬಿ ಮಾಡುವುದುಂಟು. ಇದರಿಂದ ಉಳಿಯುವ ಇಂಗಾಲವನ್ನು ಲಾಭ ಅಂತ ಬರೆಯಬಹುದು. ಆದರೆ ಗುಜರಿ ಉಕ್ಕು ಕೊಂಡಿದ್ದಕ್ಕೆ ಶುರುವಿನಲ್ಲೇ ಪೂರ್ತಿ ರಿಯಾಯಿತಿ ತೆಗೆದುಕೊಂಡು, ಕೊನೆಯಲ್ಲಿ ಅದೇ ಉಕ್ಕು ಮತ್ತೆ ಗುಜರಿಯಾಯಿತು ಅಂತ ಇನ್ನೊಮ್ಮೆ ತೆಗೆದುಕೊಂಡರೆ ಒಂದೇ ಕಬ್ಬಿಣಕ್ಕೆ ಎರಡು ಸಲ ಲಾಭ ಬರೆದ ಹಾಗೆ. ಒಂದು ಪದ್ಧತಿ ಹಿಡಿಯಿರಿ, ಕೊನೆಯವರೆಗೂ ಅದನ್ನು ಬಿಡಬೇಡಿ.

ಈಗ ಇಂಧನ. ದಿನಕ್ಕೆ 4 ಟನ್, ವರ್ಷಕ್ಕೆ 250 ದಿನ ಓಡಿದರೆ 1,000 ಟನ್ ಎಣ್ಣೆ. ಭಾರಿ ಎಣ್ಣೆ ಟನ್ನಿಗೆ 3.114 ಟನ್ ಉಗುಳುತ್ತದೆ. 25 ವರ್ಷಕ್ಕೆ ಹತ್ತಿರ ಹತ್ತಿರ 78,000 ಟನ್! ಉಕ್ಕು ಬದಲಿಸಿ ಉಳಿಸಿದ 1,770 ಟನ್ ಇದರ ಮುಂದೆ ಏಳು ತಿಂಗಳ ಎಣ್ಣೆಗೆ ಸಮ. ಇದನ್ನು ನೋಡಿ ‘ಸುಮ್ನೆ ಯಾಕೆ ತಲೆಕೆಡಿಸಿಕೊಳ್ಳೋದು’ ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಎಣ್ಣೆಯ ಹೊಗೆ 25 ವರ್ಷಕ್ಕೆ ಹಂಚಿಹೋಗುತ್ತದೆ, ಉಕ್ಕಿನದು ಹಡಗು ನೀರಿಗಿಳಿಯುವ ಮೊದಲೇ ಗಾಳಿ ಸೇರಿರುತ್ತದೆ. ಜೊತೆಗೆ ಇಂಧನದ ಹೊಗೆ ಶೇ. 90 ಇಳಿದರೆ, ಈಗ ಒಟ್ಟಿನಲ್ಲಿ ಶೇ. 3ರಷ್ಟಿರುವ ಉಕ್ಕಿನ ಪಾಲು ಕಾಲು ಭಾಗಕ್ಕೆ ಏರುತ್ತದೆ. ಇವತ್ತು ಆರ್ಡರ್ ಕೊಟ್ಟ ಹಡಗು 2050ರ ಸುಮಾರಿಗೂ ಓಡುತ್ತಿರುತ್ತದೆ, ಹಾಗಾಗಿ ಎರಡೂ ಲೆಕ್ಕವನ್ನು ಒಂದೇ ಹಾಳೆಯಲ್ಲಿ ಅಕ್ಕಪಕ್ಕ ಬರೆದು ಮಾಲೀಕರ ಮುಂದಿಡಿ.