ಹೊಳೆಯ ತಳದಿಂದ ಉಪ್ಪುನೀರು ತೆಗೆದ ಬಗೆ: ನನ್ನ ಅನುಭವ

ಅಘನಾಶಿನಿಯ ಹಿನ್ನೀರಿನಲ್ಲಿ ಅಕ್ಟೋಬರಿನಲ್ಲಿಯೇ ಸಿಗಡಿ ಮರಿ ಬಿಡುವಷ್ಟು ಉಪ್ಪುನೀರು ಸಿಗುತ್ತದೆ ಎಂದು ನಾನು ಹೇಳಿದಾಗ ಅಕ್ಕಪಕ್ಕದ ಗಜನಿಯವರು (ಹಿನ್ನೀರಿನ ಅಂಚಿನ ತಗ್ಗು ಗದ್ದೆಗಳಲ್ಲಿ ಸಿಗಡಿ ಸಾಕುವವರು) ನಕ್ಕಿದ್ದರು. ಮಳೆಗಾಲ ಕಳೆದ ಮೇಲೂ ಹೊಳೆಯ ಮೇಲ್ನೀರು ಬಹುಕಾಲ ಸಪ್ಪೆಯಾಗಿಯೇ ಇರುವುದರಿಂದ ಡಿಸೆಂಬರಿನವರೆಗೆ ಕಾಯುವುದು ನಮ್ಮಲ್ಲಿನ ರೂಢಿ. ಈಗ ಅವರಿಗಿಂತ ಮೊದಲೇ ಬೆಳೆ ತೆಗೆದು, ಒಳ್ಳೆಯ ದರವನ್ನೂ ಕಂಡಿರುವುದರಿಂದ ಬರೆಯುವ ಧೈರ್ಯ ಬಂದಿದೆ.

ಹೊಂಡಕ್ಕೆ ಉಪ್ಪು ಸುರಿಯುವ ಸಲಹೆಯನ್ನು ಲೆಕ್ಕ ಹಾಕಿಯೇ ಕೈಬಿಟ್ಟೆ. ಒಂದು ಎಕರೆಯಲ್ಲಿ ಒಂದು ಮೀಟರ್ ನೀರೆಂದರೆ ಸುಮಾರು 40 ಲಕ್ಷ ಲೀಟರ್. ಅದನ್ನು 10 ಪಿಪಿಟಿಗೆ, ಅಂದರೆ ಲೀಟರಿಗೆ ಸುಮಾರು 10 ಗ್ರಾಂ ಉಪ್ಪಿನ ಮಟ್ಟಕ್ಕೆ, ಏರಿಸಲು 40 ಟನ್ ಉಪ್ಪು ಬೇಕು. ಕಿಲೋಗೆ ಐದು ರೂಪಾಯಿ ಹಿಡಿದರೂ ಎರಡು ಲಕ್ಷವಾಯಿತು. ಸಿಗಡಿಗೆ ಬೇಕಾದ ಪೊಟ್ಯಾಸಿಯಂ, ಮೆಗ್ನೀಸಿಯಂ ಖರ್ಚು ಬೇರೆ.

ಸಾವಿರ ಲೀಟರ್ ಕಡಲನೀರು ಅಷ್ಟೇ ಸಿಹಿನೀರಿಗಿಂತ ಸುಮಾರು 25 ಕಿಲೋ ಹೆಚ್ಚು ತೂಗುತ್ತದೆ. ಹಾಗಾಗಿ ಉಬ್ಬರದಲ್ಲಿ ಅಳಿವೆಯಿಂದ ಒಳಬರುವ ಉಪ್ಪುನೀರು ತಳ ಹಿಡಿದು ನುಗ್ಗುತ್ತದೆ, ಹೊಳೆನೀರು ಅದರ ಮೇಲೆ ಜಾರಿ ಕಡಲಿಗಿಳಿಯುತ್ತದೆ. ಸೋಡಾ ಶೀಷೆಗೆ ಕಲ್ಲು ಕಟ್ಟಿ, ಬಿರಡೆಗೆ ದಾರ ಬಿಗಿದು, ತಳ ಮುಟ್ಟಿದ ಮೇಲೆ ಬಿರಡೆ ಎಳೆದು ನೀರು ತೆಗೆದೆ. ಉಪ್ಪಿನಂಶ ಅಳೆಯುವ ರಿಫ್ರ್ಯಾಕ್ಟೋಮೀಟರಿನಲ್ಲಿ ಮೇಲ್ನೀರು ಎರಡು-ಮೂರು ಪಿಪಿಟಿ ತೋರಿಸಿದರೆ ತಳದ್ದು 16ರ ಆಸುಪಾಸಿನಲ್ಲಿತ್ತು. ಆ ತಳದ ನೀರನ್ನು ಗಾಜಿನ ಲೋಟದ ಸಿಹಿನೀರಿಗೆ ಮೆಲ್ಲಗೆ ಇಳಿಬಿಟ್ಟರೆ ಎರಡೂ ಕೂಡುವಲ್ಲಿ ಎಳೆಎಳೆಯಾಗಿ ಮಿನುಗುವುದು ಕಣ್ಣಿಗೇ ಕಾಣುತ್ತದೆ. ಬೆಳಕು ಎರಡರಲ್ಲಿಯೂ ಒಂದೇ ರೀತಿ ಬಾಗುವುದಿಲ್ಲ.

ಕಂಡ ನೀರನ್ನು ಎತ್ತುವುದು ಮಾತ್ರ ಸುಲಭವಾಗಲಿಲ್ಲ. ಪಂಪಿನ ಸೆಳೆಕೊಳವೆಯ ಬಾಯಿಗಿರುವ ಫೂಟ್‌ವಾಲ್ವನ್ನು ತಳಕ್ಕೇ ಇಳಿಸಿದಾಗ ಕೆಸರು ತುಂಬಿ ಪಂಪು ಕಟ್ಟಿತು, ರಿಪೇರಿಗೆ ಏಳೆಂಟು ಸಾವಿರ ಹೋಯಿತು. ಮೊಳದಷ್ಟು ಮೇಲೆ ಕಟ್ಟಿ ಪಂಪನ್ನು ಪೂರ್ತಿ ಓಡಿಸಿದಾಗ ಮೊದಲ ಹತ್ತು ನಿಮಿಷ 15 ಪಿಪಿಟಿ ಬಂದು, ಆಮೇಲೆ ಐದಕ್ಕೆ ಇಳಿಯಿತು. ಸೆಳೆತ ಹೆಚ್ಚಾದಂತೆ ಮೇಲಿನ ಸಿಹಿನೀರೇ ಬಾಗಿ ಕೆಳಗಿಳಿಯುತ್ತಿತ್ತು. ಸಣ್ಣ ಪಂಪಿಗೆ ಬದಲಿಸಿ, ನೀರು ಪಕ್ಕದಿಂದಷ್ಟೇ ಬರುವಂತೆ ಬಾಯಿಯ ಮೇಲೆ ಒಂದು ತಗಡು ಕೂಡಿಸಿದ ಮೇಲೆ ರಾತ್ರಿಯಿಡೀ 14ಕ್ಕಿಂತ ಇಳಿಯಲಿಲ್ಲ. ತಗಡಿನ ಅಳತೆಯನ್ನು ಇಲ್ಲಿ ಹೇಳುವುದಿಲ್ಲ, ಅದಕ್ಕೆ ನನ್ನ ಡೀಸೆಲ್ ಬಹಳ ಸುಟ್ಟಿದೆ.

ಎಲ್ಲರೂ ಅಮಾವಾಸ್ಯೆ, ಹುಣ್ಣಿಮೆಯ ದೊಡ್ಡ ಉಬ್ಬರವನ್ನು ನೆಚ್ಚುತ್ತಾರೆ. ನನ್ನ ಜಾಗದಲ್ಲಿ ಅಷ್ಟಮಿಯ ಸಣ್ಣ ಉಬ್ಬರವೇ ಮೇಲು, ಏಕೆಂದರೆ ದೊಡ್ಡ ಉಬ್ಬರದ ರಭಸ ಎರಡು ಪದರಗಳನ್ನೂ ಕಲಸಿಬಿಡುತ್ತದೆ.

ನಡುವೆ ಬಿದಿರಿನ ಗಳಕ್ಕೆ ಎರಡು ಸ್ಟೀಲ್ ಸ್ಕ್ರೂ ಬಿಗಿದು, ಮಲ್ಟಿಮೀಟರಿಗೆ ಜೋಡಿಸಿ, ಉಪ್ಪುನೀರಿನಲ್ಲಿ ವಿದ್ಯುತ್ತು ಹೆಚ್ಚು ಹರಿಯುವುದರಿಂದ ಪದರದ ಗಡಿ ತಿಳಿಯಬಹುದೆಂದು ನೋಡಿದೆ. ಗಡಿ ಸಿಕ್ಕಿತು, ಆದರೆ ಮೀಟರಿನ ಅಂಕಿ ನಿಲ್ಲದೆ ಜಾರುತ್ತಿದ್ದುದರಿಂದ ಶೀಷೆಗೇ ಮರಳಿದೆ. ಥರ್ಮಾಮೀಟರ್ ಕಟ್ಟಿ ನೋಡಿದಾಗ ಕೆಲವು ದಿನ ತಳದ ನೀರೇ ಮೇಲಿನದಕ್ಕಿಂತ ಬೆಚ್ಚಗಿತ್ತು. ಐದು ಡಿಗ್ರಿ ಬಿಸಿಯಿಂದ ಸಾವಿರ ಲೀಟರಿಗೆ ಕಡಿಮೆಯಾಗುವುದು ಒಂದೂವರೆ ಕಿಲೋ ಮಾತ್ರವಾದ್ದರಿಂದ, ಬೆಚ್ಚಗಿದ್ದರೂ ಉಪ್ಪಿನ ಭಾರ ಅದನ್ನು ಮೇಲೇಳಲು ಬಿಡುವುದಿಲ್ಲ.

ಎತ್ತಿದ ನೀರನ್ನು ನೇರವಾಗಿ ಹೊಂಡಕ್ಕೆ ಬಿಡಬೇಡಿ. 30 ಡಿಗ್ರಿಯಲ್ಲಿ ಲೀಟರ್ ಸಿಹಿನೀರು ಸುಮಾರು 7.5 ಮಿಲಿಗ್ರಾಂ ಆಮ್ಲಜನಕ ಹಿಡಿದರೆ ಕಡಲನೀರು ಆರರ ಮೇಲೆ ಸ್ವಲ್ಪ ಹಿಡಿಯುತ್ತದೆ, ತಳದ ನೀರಿನಲ್ಲಿ ಅಷ್ಟೂ ಇರುವುದಿಲ್ಲ. ಒಂದು ರಾತ್ರಿ ನೀರಿಗೆ ಗಾಳಿ ಬೆರೆಸುವ ಏರಿಯೇಟರ್ ಓಡಿಸಿಯೇ ನಾನು ಬಳಸುತ್ತೇನೆ.

ಅಂದು ನಕ್ಕವರಲ್ಲಿ ಇಬ್ಬರು ಈಗ ನನ್ನ ಪಂಪಿನ ಪಕ್ಕದಲ್ಲಿಯೇ ಪಂಪು ಇಟ್ಟಿದ್ದಾರೆ. ಹತ್ತಿರದಲ್ಲಿ ಮೂರು ಬಾಯಿ ಒಟ್ಟಿಗೆ ಸೆಳೆದರೆ ಸಿಹಿನೀರು ಮತ್ತೆ ಕೆಳಗಿಳಿಯುವುದರಿಂದ, ಕನಿಷ್ಠ ಐವತ್ತು ಮಾರು ದೂರ ಸರಿಯಬೇಕೆಂದು ಅವರನ್ನು ಕೇಳಿಕೊಂಡಿದ್ದೇನೆ.