ಓಬವ್ವನ ಕಿಂಡಿ ಮತ್ತು ನಮ್ಮ ದೊಡ್ಡಮ್ಮ: ಒಂದು ಪೋಸ್ಟರ್ ಕೆತ್ತಿದ ಅನುಭವ

ಆಗಸ್ಟ್ 15ಕ್ಕೆ ಅಂತ ನಾನು ಕೆತ್ತಿದ ಮೊದಲ ಪೋಸ್ಟರಿನಲ್ಲಿ ತುಂಡಾದ ಸರಪಳಿ, ಹಾರುವ ಪಾರಿವಾಳ, ಕೆಳಗೆ ದಪ್ಪಕ್ಷರದಲ್ಲಿ ‘ಸ್ವಾತಂತ್ರ್ಯ’ ಇತ್ತು. ದಾವಣಗೆರೆಯ ನಮ್ಮ ಬೀದಿಯ ಕಿರಾಣಿ ಅಂಗಡಿ ಗೋಡೆಗೆ ಅಂಟಿಸಿ, ಎದುರಿನ ಕಟ್ಟೆಯ ಮೇಲೆ ಒಂದು ಗಂಟೆ ಕೂತೆ. ಒಬ್ಬರೂ ನಿಂತು ನೋಡಲಿಲ್ಲ. ಅದರಲ್ಲಿ ನಮ್ಮ ಬೀದಿಯವರದ್ದು ಏನಿತ್ತು ಹೇಳಿ?

ಆ ಒಂದು ಪದಕ್ಕೇ ಎರಡು ದಿನ ಹಿಡಿದಿತ್ತು. ಲಿನೋ ಅಂದರೆ ಉಳಿಯಿಂದ ಕೆತ್ತಿ ಅಚ್ಚು ಹಾಕುವ ದಪ್ಪ, ಮೆತ್ತನೆಯ ಹಾಳೆ. ಅದರಲ್ಲಿ ಕೆತ್ತಿ ತೆಗೆದ ಜಾಗ ಬಿಳಿಯಾಗಿ ಉಳಿಯುತ್ತದೆ, ಬಿಟ್ಟ ಜಾಗಕ್ಕೆ ಮಸಿ ಹತ್ತುತ್ತದೆ. ಅಕ್ಷರಗಳನ್ನು ಕನ್ನಡಿಯಲ್ಲಿ ಕಂಡಂತೆ ಎಡಬಲ ತಿರುಗಿಸಿ ಕೆತ್ತಬೇಕು. ‘ಸ್ವಾ’ಗೆ ಒಂದು ಒತ್ತು, ‘ತ್ರ್ಯ’ಕ್ಕೆ ಎರಡು. ಉಳಿ ಚೂರು ಜಾರಿದರೂ ಒತ್ತು ಕಿತ್ತು ಬರುತ್ತದೆ.

ಆಮೇಲೆ ಬಂಗಾಳದ ಚಿತ್ರಕಾರ ನಂದಲಾಲ್ ಬೋಸರ ಚಿತ್ರಗಳನ್ನು ಮತ್ತೆ ತೆಗೆದು ನೋಡಿದೆ. 1930ರ ಉಪ್ಪಿನ ಸತ್ಯಾಗ್ರಹದ ಹೊತ್ತಿಗೆ ಅವರು ಮಾಡಿದ ಗಾಂಧೀಜಿಯ ಲಿನೋ ಅಚ್ಚು ನಿಮಗೂ ನೆನಪಿರಬಹುದು. ಕಪ್ಪು ಹಿನ್ನೆಲೆ, ಬಿಳಿ ಗೆರೆ, ಕೋಲು ಹಿಡಿದು ನಡೆಯುವ ಮನುಷ್ಯ. 1938ರಲ್ಲಿ ಗುಜರಾತಿನ ಹರಿಪುರ ಕಾಂಗ್ರೆಸ್ ಅಧಿವೇಶನಕ್ಕೆ ಮಾಡಿದ ಪೋಸ್ಟರುಗಳಲ್ಲಂತೂ ಹಳ್ಳಿ ಜನರೇ ತುಂಬಿದ್ದಾರೆ. ಡೋಲು ಬಡಿಯುವವರು, ಬಡಗಿಗಳು, ಮನೆಗೆಲಸದ ಹೆಂಗಸರು. ಬ್ರಿಟಿಷರು ಇನ್ನೂ ಇದ್ದ ಕಾಲದಲ್ಲಿ, ಒಂದು ಸರಪಳಿಯನ್ನೂ ಬರೆಯದೆ, ಈ ದೇಶ ಇವರದ್ದು ಅಂತ ಹೇಳಿಬಿಟ್ಟಿದ್ದರು. ನಾನು ತಪ್ಪಿದ್ದು ಇಲ್ಲೇ ಅಂತ ಗೊತ್ತಾಯಿತು.

ನಮ್ಮ ಮನೆ ಮಂಡಕ್ಕಿ ಭಟ್ಟಿಗಳ ಹತ್ತಿರ. ಅಲ್ಲಿ ಕೆಲಸ ಮಾಡುವ ಹೆಂಗಸರನ್ನು ‘ಸ್ವಾತಂತ್ರ್ಯ ಅಂದ್ರೆ ಏನು?’ ಅಂತ ಕೇಳಿದರೆ ಸುಮ್ನೆ ನಕ್ಕರು. ಪ್ರಶ್ನೆ ಬದಲಾಯಿಸಿದೆ. ‘ಯಾರನ್ನೂ ಕೇಳದೆ ನೀವು ಏನು ಮಾಡಿದ್ದೀರಿ?’ ಆಗ ಮಾತು ಬಂತು. ಪಕ್ಕದ ಮನೆ ದೊಡ್ಡಮ್ಮ ಹೇಳಿದ್ದು ಇದು: ‘ಬಸ್ಸು ಫ್ರೀ ಆದ್ಮೇಲೆ ಒಬ್ಬಳೇ ದುರ್ಗಕ್ಕೆ ಹೋಗಿದ್ದೆ ನೋಡವ್ವ. ಓಬವ್ವನ ಕಿಂಡಿ ನೋಡ್ಕೊಂಡು ಸಂಜೆಗೆ ಬಂದೆ. ಮನೇಲಿ ಬಂದ್ಮೇಲೆ ಹೇಳಿದೆ.’

2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಶುರುವಾಯಿತಲ್ಲ, ಅದಾದ ಮೇಲಿನ ಮಾತು. ಇಲ್ಲಿಂದ ಚಿತ್ರದುರ್ಗ ಸುಮಾರು 60 ಕಿಲೋಮೀಟರ್. ಅಷ್ಟು ದೂರ ಹೋಗಲು ಅವರಿಗೆ ಅಷ್ಟು ವಯಸ್ಸಾಗಬೇಕಾಯಿತು. ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ಮರುದಿನವೇ ಕಿಂಡಿ ಬರೆಯಲು ಕೂತೆ. ಓಬವ್ವನ ಕತೆಯಲ್ಲಿ ಅದು ಶತ್ರು ನುಸುಳುವ ದಾರಿ, ಅವಳು ಒನಕೆ ಹಿಡಿದು ಕಾಯುವ ಜಾಗ. ನನ್ನ ಪೋಸ್ಟರಿನಲ್ಲಿ ಅದೇ ಕಿಂಡಿಯಿಂದ ಕೈಚೀಲ ಹಿಡಿದ ಹೆಂಗಸು ಹೊರಗೆ ಬರಬೇಕು. 12 ಇಂಚು ಅಗಲ, 18 ಇಂಚು ಉದ್ದದ ಲಿನೋ ತಗೊಂಡೆ. ಮೊದಲ ಸಲ ಬಂಡೆಯ ಮೇಲೆ ಗೆರೆ ಜಾಸ್ತಿ ಹಾಕಿ ಕೆಟ್ಟಿತು. ಹದಿನೈದು ಅಡಿ ದೂರದಿಂದ ನೋಡಿದರೆ ಬಂಡೆಯೇ ಕಾಣುತ್ತಿತ್ತು, ದೊಡ್ಡಮ್ಮ ಕಾಣಲಿಲ್ಲ. ಎರಡನೇ ಹಾಳೆಯಲ್ಲಿ ಬಂಡೆಯನ್ನು ಮುಟ್ಟಲೇ ಇಲ್ಲ. ಪೂರ್ತಿ ಕಪ್ಪು. ನಡುವೆ ಬೆರಳಗಲದ ಬಿಳಿ ಸೀಳು, ಅದರೊಳಗೆ ಅವರು. ಕೆಳಗೆ ಅವರ ಮಾತನ್ನೇ ಚಿಕ್ಕದು ಮಾಡಿ: ‘ನಾನೇ ಬಂದೆ’. ಒಂದು ಒತ್ತಕ್ಷರವೂ ಇಲ್ಲ. ಅರ್ಧ ದಿನದಲ್ಲಿ ಕೆತ್ತಿ ಮುಗಿಸಿದೆ.

ಅಚ್ಚು ಹಾಕಲು ದೊಡ್ಡ ಯಂತ್ರವೇನೂ ಬೇಡ. ಪ್ರೆಸ್ಸಿನಿಂದ ತಂದ ಆಫ್‌ಸೆಟ್ ಇಂಕನ್ನು ಗಾಜಿನ ಮೇಲೆ ರೋಲರಿನಿಂದ ತೆಳ್ಳಗೆ ಹರಡಿ, ಲಿನೋಗೆ ಹಚ್ಚಿ, ಕಾಗದ ಇಟ್ಟು, ಸ್ಟೀಲ್ ಚಮಚದ ಬೆನ್ನಿನಿಂದ ಉಜ್ಜುತ್ತಾ ಹೋದರೆ ಸಾಕು. ಲಿನೋ ಗಟ್ಟಿಯಾಗಿದ್ದರೆ ಕೆತ್ತುವ ಮೊದಲು ಹತ್ತು ನಿಮಿಷ ಬಿಸಿಲಿಗಿಡಿ. ನಲವತ್ತು ಪ್ರತಿ ತೆಗೆಯುವಷ್ಟರಲ್ಲಿ ತೋಳು ಬಿದ್ದು ಹೋಗಿತ್ತು. ಅಂಟಿಸಲು ಮೈದಾ ಅಂಟಿಗೆ ಚಿಟಿಕೆ ಮೈಲುತುತ್ತ ಹಾಕಿ ಕುದಿಸಿದೆ, ಹುಳ ಹಿಡಿಯುವುದಿಲ್ಲ. ಅದು ವಿಷ, ಅಡುಗೆ ಪಾತ್ರೆ ಬಳಸಬೇಡಿ. ಗೋಡೆಯವರನ್ನು ಕೇಳಿಯೇ ಅಂಟಿಸಿ. ಸಾರ್ವಜನಿಕ ಸ್ಥಳ ಅಂದಗೆಡಿಸಬಾರದು ಅಂತ 1981ರ ಕಾನೂನೇ ಇದೆ.

ಈ ಸಲ ಜನ ನಿಂತರು. ಹೆಂಗಸರು ಜಾಸ್ತಿ. ‘ಎಲ್ಲಿಗೆ ಬಂದಳು?’ ಅಂತ ಒಬ್ಬರು ಕೇಳಿದರೆ, ಇನ್ನೊಬ್ಬರು ‘ದುರ್ಗ ಕಣೆ, ಕಿಂಡಿ ಕಾಣಲ್ವಾ’ ಅಂದರು. ದೊಡ್ಡಮ್ಮ ಬೆರಳಿನಿಂದ ಆ ಬಿಳಿ ಸೀಳನ್ನು ಮುಟ್ಟಿ ನೋಡಿ, ‘ಇದಕ್ಕಿಂತ ಸಣ್ಣದೈತವ್ವ ಅದು, ಮೈ ಹಿಡಿ ಮಾಡ್ಕೊಂಡು ಬಂದೀನಿ’ ಅಂದರು. ಒಂದು ಪ್ರತಿ ಕೇಳಿ ಇಸಕೊಂಡು ಹೋದರು.

ಈಗ ಇನ್ನೊಬ್ಬರ ಉತ್ತರ ಕೆತ್ತುತ್ತಿದ್ದೇನೆ. ಕೆಲಸ ಮುಗಿಸಿ ಮನೆಗೆ ಹೋಗುವಾಗ ಹೋಟೆಲಿನಲ್ಲಿ ಒಬ್ಬಳೇ ಕೂತು ಟೀ ಕುಡಿಯುತ್ತಾರಂತೆ. ಟೀ ಲೋಟದ ಮೇಲಿನ ಹಬೆ ಇನ್ನೂ ಕೈಗೆ ಸಿಕ್ಕಿಲ್ಲ.